ಹಸುಗೂಸಿನ ಹೊಟ್ಟೆಯ ಮೇಲೆ ಯಂತ್ರ: ಎಲ್ಲಿ ಬೇಕು, ಎಲ್ಲಿ ಬೇಡ?

ಮಾತು ಬಾರದ ಕೂಸಿಗೆ ಅಳುವೊಂದೇ ಭಾಷೆ. ಹಸಿದರೂ ಅಳು, ಬಟ್ಟೆ ಒದ್ದೆಯಾದರೂ ಅಳು, ಹೊಟ್ಟೆ ನೊಂದರೂ ಅಳು. ಈ ಅಳುವಿನ ಅರ್ಥ ಬಿಡಿಸುವ ಕೆಲಸ ತಲತಲಾಂತರದಿಂದ ತಾಯಿ, ಅಜ್ಜಿ ಮತ್ತು ಸೂಲಗಿತ್ತಿಯರದಾಗಿತ್ತು. ಈಗ ಆ ಕೆಲಸಕ್ಕೆ ಯಂತ್ರಗಳೂ ಬಂದಿವೆ. ಮಗುವಿನ ಕಾಲಿಗೆ ತೊಡಿಸುವ ಕಾಲುಚೀಲ ಎದೆಬಡಿತ ಎಣಿಸುತ್ತದೆ. ಕೈಗೆ ಕಟ್ಟುವ ಪಟ್ಟಿ ಮೈಬಿಸಿ ನೋಡುತ್ತದೆ. ಡೈಪರಿಗೆ ಅಂಟಿಸುವ ಸೆನ್ಸರ್ ಒದ್ದೆಯಾದದ್ದನ್ನು ಮೊಬೈಲಿಗೆ ತಿಳಿಸುತ್ತದೆ. ಇವೆಲ್ಲಕ್ಕಿಂತ ಹೊಸದು, ಹೊಟ್ಟೆಯ ಮೇಲೆ ಅಂಟಿಸಿ ಕರುಳಿನ ಸದ್ದನ್ನು ಹಗಲಿರುಳೂ ಕೇಳುವ ಪುಟ್ಟ ಸಾಧನ.

ಇದನ್ನು ನಾವು ಸ್ವಾಗತಿಸಬೇಕೇ? ಜಿಂಜ್‌ನಂಥ ಊರಿನಲ್ಲಿ, ತವರಿನಿಂದ ದೂರವಾಗಿ, ಫ್ಲ್ಯಾಟಿನ ನಾಲ್ಕು ಗೋಡೆಗಳ ನಡುವೆ ಮಗುವನ್ನು ಸಾಕುವ ಕುಟುಂಬಗಳಿಗೆ ಇದು ಬರಿಯ ವಿಜ್ಞಾನದ ಪ್ರಶ್ನೆಯಲ್ಲ, ಮನೆಯ ಪ್ರಶ್ನೆ. ಆಸ್ಪತ್ರೆಯಲ್ಲಿ, ದಿನ ತುಂಬದೆ ಹುಟ್ಟಿದ ಮಗುವಿಗೆ, ಇಂಥ ಯಂತ್ರ ಬರಲಿ, ಬೇಗ ಬರಲಿ ಎಂಬುದು ನನ್ನ ಅಭಿಪ್ರಾಯ. ಆದರೆ ಆರೋಗ್ಯವಾಗಿರುವ ಮಗುವಿನ ತೊಟ್ಟಿಲಿಗೆ ಅದು ಸದ್ಯಕ್ಕೆ ಬೇಡ. ಯಾಕೆ ಎಂಬುದನ್ನು ವಿವರಿಸುತ್ತೇನೆ.

ಮೊದಲು ಮಗುವಿನ ಹೊಟ್ಟೆಯ ಕಥೆ. ತಾಯಿಯ ಗರ್ಭದಲ್ಲಿರುವಾಗ ಮಗುವಿಗೆ ಆಹಾರ ಹೊಕ್ಕುಳಬಳ್ಳಿಯ ಮೂಲಕ ಬರುತ್ತದೆ. ಹುಟ್ಟಿದ ಕ್ಷಣದಿಂದ ಕರುಳು ತಾನೇ ದುಡಿಯಬೇಕು. ಸಾಮಾನ್ಯವಾಗಿ ಮೊದಲ 24 ಗಂಟೆಯಲ್ಲಿ, ತಡವಾದರೆ 48 ಗಂಟೆಯೊಳಗೆ, ಮಗು ಡಾಂಬರಿನಂತೆ ಕಪ್ಪಗಿರುವ ಅಂಟು ಮಲವನ್ನು ಹೊರಹಾಕುತ್ತದೆ. ಎರಡು ಮೂರು ದಿನಗಳಲ್ಲಿ ಅದು ಹಸಿರಿಗೆ ತಿರುಗುತ್ತದೆ. ಎದೆಹಾಲು ಚೆನ್ನಾಗಿ ಸಿಕ್ಕರೆ ನಾಲ್ಕೈದನೆಯ ದಿನಕ್ಕೆ ಸಾಸಿವೆಯ ಹಳದಿ ಬಣ್ಣ ಬರುತ್ತದೆ. ಆ ಹೊತ್ತಿಗೆ ದಿನಕ್ಕೆ ಆರು ಸಲವಾದರೂ ಮೂತ್ರ ಆಗುತ್ತಿದ್ದರೆ ಹಾಲು ಸಾಲುತ್ತಿದೆ ಎಂದರ್ಥ. ಹುಟ್ಟಿದ ಮೊದಲ ದಿನಗಳಲ್ಲಿ ತೂಕ ಸ್ವಲ್ಪ ಇಳಿಯುವುದು ಸಹಜ. ಎರಡು ವಾರದ ಹೊತ್ತಿಗೆ ಅದು ಮತ್ತೆ ಹುಟ್ಟಿದಾಗಿನ ತೂಕಕ್ಕೆ ಬರಬೇಕು. ಒಂದೂವರೆ ತಿಂಗಳು ಕಳೆದ ಮೇಲೆ ಬರಿಯ ಎದೆಹಾಲು ಕುಡಿಯುವ ಮಗು ಕೆಲವೊಮ್ಮೆ ಹಲವು ದಿನ ಮಲವಿಸರ್ಜನೆ ಮಾಡದೆಯೂ ಆರಾಮವಾಗಿರಬಹುದು. ಇದು ತಿಳಿಯದ ತಾಯಿ ಹೆದರುತ್ತಾಳೆ, ತಿಳಿದವಳು ನಿಶ್ಚಿಂತೆಯಿಂದಿರುತ್ತಾಳೆ. ಇಷ್ಟಕ್ಕೆ ಯಾವ ಯಂತ್ರವೂ ಬೇಕಿಲ್ಲ, ಗಮನಿಸುವ ಕಣ್ಣು ಸಾಕು.

ಆದರೆ ಎಲ್ಲ ಮಕ್ಕಳೂ ದಿನ ತುಂಬಿಯೇ ಹುಟ್ಟುವುದಿಲ್ಲ. ಏಳು ತಿಂಗಳಿಗೋ ಅದಕ್ಕೂ ಮೊದಲೋ ಹುಟ್ಟಿದ ಮಗುವಿನ ಕರುಳು ಹಣ್ಣಾಗದ ಕಾಯಿಯಂತೆ ಎಳೆಯದು. ಅಂಥ ಮಕ್ಕಳಿಗೆ ನೆಕ್ರೊಟೈಸಿಂಗ್ ಎಂಟೆರೊಕೊಲೈಟಿಸ್ ಎಂಬ ಭಯಂಕರ ಕಾಯಿಲೆ ಬರುವುದುಂಟು. ಕರುಳಿನ ಗೋಡೆ ಊದಿಕೊಂಡು, ರಕ್ತಸಂಚಾರ ಕುಂದಿ, ಕೊನೆಗೆ ಕೊಳೆಯಲಾರಂಭಿಸುತ್ತದೆ. ಒಂದೂವರೆ ಕಿಲೋಗ್ರಾಂಗಿಂತ ಕಡಿಮೆ ತೂಕದ ಮಕ್ಕಳಲ್ಲಿ ಸುಮಾರು 100ಕ್ಕೆ 5ರಿಂದ 10 ಮಕ್ಕಳಿಗೆ ಇದು ತಗಲುತ್ತದೆ. ತಗಲಿದವರಲ್ಲಿ ಗಣನೀಯ ಭಾಗದ ಮಕ್ಕಳು ಉಳಿಯುವುದಿಲ್ಲ. ಇದರ ಆರಂಭದ ಲಕ್ಷಣಗಳು ಮೋಸಗೊಳಿಸುವಂಥವು: ಹೊಟ್ಟೆ ಸ್ವಲ್ಪ ಉಬ್ಬುವುದು, ಹಾಲು ಜೀರ್ಣವಾಗದೆ ಉಳಿಯುವುದು, ಮಗು ಮಂಕಾಗುವುದು. ವೈದ್ಯರು ಹೊಟ್ಟೆಯ ಸುತ್ತಳತೆ ಅಳೆದು, ಎಕ್ಸ್‌ರೇ ತೆಗೆದು, ಸ್ಟೆತಾಸ್ಕೋಪ್ ಇಟ್ಟು ಆಲಿಸಿ ಊಹಿಸಬೇಕು.

ಈ ಸ್ಟೆತಾಸ್ಕೋಪಿಗೆ ಇನ್ನೂರು ವರ್ಷ ದಾಟಿದೆ. ಫ್ರಾನ್ಸಿನ ವೈದ್ಯ ರೆನೆ ಲೆನೆಕ್ 1816ರಲ್ಲಿ ಕಾಗದದ ಸುರುಳಿಯನ್ನು ರೋಗಿಯ ಎದೆಗಿಟ್ಟು ಆಲಿಸಿದ್ದೇ ಅದರ ಆರಂಭ. 1905ರಲ್ಲಿ ಅಮೆರಿಕದ ವಾಲ್ಟರ್ ಕ್ಯಾನನ್ ಹೊಟ್ಟೆ ಮತ್ತು ಕರುಳಿನ ಸದ್ದುಗಳಿಗೆ ಒಂದು ಲಯವಿದೆ ಎಂದು ಬರೆದರು. ಆದರೆ ವೈದ್ಯರು ಆಲಿಸುವುದು ಒಂದೆರಡು ನಿಮಿಷ ಮಾತ್ರ. ಉಳಿದ ಹೊತ್ತಿನಲ್ಲಿ ಕರುಳು ಏನು ಮಾಡುತ್ತಿದೆ ಎಂದು ಯಾರು ಬಲ್ಲರು?

ಈ ಕೊರತೆಯನ್ನು ತುಂಬಲು ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಜಾನ್ ರೋಜರ್ಸ್ ಮತ್ತು ಸಂಗಡಿಗರು ಒಂದು ಸಾಧನ ರೂಪಿಸಿದರು. 2023ರ ನವೆಂಬರಿನಲ್ಲಿ ನೇಚರ್ ಮೆಡಿಸಿನ್ ಪತ್ರಿಕೆಯಲ್ಲಿ ಅದರ ವಿವರ ಪ್ರಕಟವಾಯಿತು. ಮೆತ್ತನೆಯ ಸಿಲಿಕೋನ್ ಹೊದಿಕೆಯ ಈ ಸಾಧನದ ಉದ್ದ 40 ಮಿಲಿಮೀಟರ್, ಅಗಲ 20, ದಪ್ಪ 8. ಅದರೊಳಗೆ ಎರಡು ಮೈಕ್ರೋಫೋನುಗಳಿವೆ. ಒಂದು ಮೈಯ ಕಡೆಗೆ, ಇನ್ನೊಂದು ಹೊರಗಡೆಗೆ ಮುಖ ಮಾಡಿರುತ್ತದೆ. ಹೊರಗಿನ ಗದ್ದಲ ಯಾವುದು, ಒಳಗಿನ ಸದ್ದು ಯಾವುದು ಎಂದು ಎರಡನ್ನೂ ಹೋಲಿಸಿ ಬೇರ್ಪಡಿಸಬಹುದು. ಯಂತ್ರಗಳ ಸದ್ದು ಮತ್ತು ಮಕ್ಕಳ ಅಳು ತುಂಬಿದ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ ಇದು ಬಹಳ ಮುಖ್ಯ. ತಂತಿಯಿಲ್ಲ, ಬ್ಲೂಟೂತ್ ಮೂಲಕ ಮಾಹಿತಿ ಹೋಗುತ್ತದೆ. ಕೆನಡಾದ ಮಾಂಟ್ರಿಯಲ್ ಮಕ್ಕಳ ಆಸ್ಪತ್ರೆಯಲ್ಲಿ, ಉಸಿರಾಟದ ಮತ್ತು ಕರುಳಿನ ಚಲನೆಯ ತೊಂದರೆಯಿದ್ದ 15 ಅವಧಿಪೂರ್ವ ಶಿಶುಗಳ ಮೇಲೆ ಇದನ್ನು ಪ್ರಯೋಗಿಸಿದರು. ಹೊಟ್ಟೆಯ ನಾಲ್ಕು ಕಡೆ ಅಂಟಿಸಿ ಕರುಳಿನ ಸದ್ದನ್ನು ಎಡೆಬಿಡದೆ ದಾಖಲಿಸಲು ಸಾಧ್ಯವಾಯಿತು.

ಇದು ದೊಡ್ಡ ಸಾಧನೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಈ ಅಧ್ಯಯನ ತೋರಿಸಿದ್ದು ಸದ್ದನ್ನು ಕೇಳಬಹುದು ಎಂಬುದನ್ನು. ಸದ್ದು ಕೇಳಿ ಒಂದು ಮಗುವಿನ ಪ್ರಾಣ ಉಳಿಸಬಹುದು ಎಂಬುದನ್ನಲ್ಲ. ಹದಿನೈದು ಮಕ್ಕಳಿಂದ ಅಂಥ ತೀರ್ಮಾನಕ್ಕೆ ಬರಲಾಗದು. ಕರುಳು ಸುಮ್ಮನಿದ್ದರೆ ಅದು ವಿಶ್ರಾಂತಿಯೋ ರೋಗವೋ, ಗುಡುಗುಡು ಎಂದರೆ ಅದು ಹಸಿವೋ ಅಡಚಣೆಯೋ ಎಂದು ಹೇಳಲು ಸಾವಿರಾರು ಮಕ್ಕಳ ಸದ್ದನ್ನು ಕೇಳಿ ಕಲಿಯಬೇಕು. ಸಂಗೀತ ಕಲಿಯುವವರಿಗೆ ಸ್ವರ ಕೇಳಿಸಿದ ಮಾತ್ರಕ್ಕೆ ರಾಗ ತಿಳಿಯುತ್ತದೆಯೇ? ಆ ಕಲಿಕೆ ಆಸ್ಪತ್ರೆಗಳಲ್ಲಿ, ವೈದ್ಯರ ಕಣ್ಣಳತೆಯಲ್ಲಿ ನಡೆಯಬೇಕು. ಹಾಗಾಗಿಯೇ ಅಲ್ಲಿ ಅದು ಬೇಕು ಎನ್ನುತ್ತೇನೆ.

ಇನ್ನು ಮನೆಯ ಮಾತು. ಮನೆಗೆ ಒಯ್ಯಬಹುದಾದ ಯಂತ್ರ ಹೇಗಿರಬೇಕು ಎಂಬುದಕ್ಕೆ ನಮ್ಮ ಬೆಂಗಳೂರಿನಲ್ಲೇ ಒಂದು ಉದಾಹರಣೆಯಿದೆ. ರತುಲ್ ನಾರಾಯಣ್ ಸ್ಥಾಪಿಸಿದ ಬೆಂಪು ಎಂಬ ಸಂಸ್ಥೆ ಕಡಿಮೆ ತೂಕದ ಮಕ್ಕಳ ಕೈಗೆ ತೊಡಿಸುವ ಒಂದು ಪಟ್ಟಿಯನ್ನು ತಯಾರಿಸಿತು. 2017ರಲ್ಲಿ ಅಮೆರಿಕದ ಟೈಮ್ ಪತ್ರಿಕೆ ಅದನ್ನು ಆ ವರ್ಷದ ಶ್ರೇಷ್ಠ ಆವಿಷ್ಕಾರಗಳ ಪಟ್ಟಿಗೆ ಸೇರಿಸಿತು. ಮಗುವಿನ ಮೈ ಬೆಚ್ಚಗಿದ್ದರೆ ನೀಲಿ ದೀಪ ಮಿನುಗುತ್ತದೆ. ತಣ್ಣಗಾದರೆ ಕಿತ್ತಳೆ ದೀಪ ಹತ್ತಿ ಸದ್ದು ಮಾಡುತ್ತದೆ. ಮೈ ತಣ್ಣಗಾದ ಎಳೆಮಗು ಮಂಕಾಗಿ ಹಾಲು ಚೀಪುವುದನ್ನು ಬಿಡುತ್ತದೆ, ತೂಕ ಇಳಿಯುತ್ತದೆ. ಆದ್ದರಿಂದ ಮೈಬಿಸಿಗೂ ಹೊಟ್ಟೆಗೂ ನೇರ ನಂಟಿದೆ. ಈ ಪಟ್ಟಿಯ ಹಿರಿಮೆ ಅದರ ಸರಳತೆಯಲ್ಲಿದೆ. ಅದು ಕೇಳುವುದು ಒಂದೇ ಪ್ರಶ್ನೆ, ಅದಕ್ಕೆ ತಾಯಿ ಮಾಡಬೇಕಾದದ್ದೂ ಒಂದೇ ಕೆಲಸ: ಮಗುವನ್ನು ಎದೆಗೆ ಅವಚಿಕೊಂಡು ಮೈಗೆ ಮೈ ತಾಗುವಂತೆ ಹಿಡಿದುಕೊಳ್ಳುವುದು. ಇದನ್ನೇ ಕಾಂಗರೂ ಆರೈಕೆ ಎನ್ನುತ್ತಾರೆ. ಭಾರತ ಮತ್ತು ಆಫ್ರಿಕದ ನಾಲ್ಕು ದೇಶಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೇತೃತ್ವದಲ್ಲಿ ನಡೆದ, 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹುಟ್ಟಿದ ಕೂಡಲೇ ಹೀಗೆ ಎದೆಗಪ್ಪಿಕೊಂಡ ಕಡಿಮೆ ತೂಕದ ಮಕ್ಕಳಲ್ಲಿ ಸಾವು ಸುಮಾರು ಕಾಲುಭಾಗದಷ್ಟು ಇಳಿಯಿತು. ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧಕರು ಸರ್ಕಾರಿ ಆಸ್ಪತ್ರೆಗಳೊಂದಿಗೆ ಸೇರಿ ಈ ಆರೈಕೆಯನ್ನು ಹಳ್ಳಿಯ ತಾಯಂದಿರವರೆಗೆ ತಲುಪಿಸಿದ್ದಾರೆ.

ಈಗ ಹೊಟ್ಟೆಯ ಸದ್ದು ಕೇಳುವ ಯಂತ್ರವನ್ನು ಇದರೊಂದಿಗೆ ಹೋಲಿಸಿ. ರಾತ್ರಿ ಎರಡು ಗಂಟೆಗೆ ಮೊಬೈಲಿನಲ್ಲಿ "ಕರುಳಿನ ಚಲನೆ ಕಡಿಮೆಯಾಗಿದೆ" ಎಂದು ಬಂದರೆ ಮನೆಯಲ್ಲಿ ಒಬ್ಬಳೇ ಇರುವ ಬಾಣಂತಿ ಏನು ಮಾಡಬೇಕು? ಹಾಲು ಕೊಡಬೇಕೇ, ನಿಲ್ಲಿಸಬೇಕೇ? ನೈಟ್ ಡ್ಯೂಟಿಯಲ್ಲಿರುವ ಗಂಡನಿಗೆ ಫೋನ್ ಮಾಡಬೇಕೇ? ಆಸ್ಪತ್ರೆಗೆ ಓಡಬೇಕೇ? ಉತ್ತರ ಹೇಳದೆ ಹೆದರಿಕೆ ಮಾತ್ರ ಹುಟ್ಟಿಸುವ ಯಂತ್ರ ಸಹಾಯಕನಲ್ಲ.

ಇದು ಬರಿಯ ಕಲ್ಪನೆಯಲ್ಲ. ಎದೆಬಡಿತ ಮತ್ತು ಆಮ್ಲಜನಕ ನೋಡುವ ಮನೆಬಳಕೆಯ ಯಂತ್ರಗಳ ಅನುಭವ ನಮ್ಮ ಮುಂದಿದೆ. 2018ರಲ್ಲಿ ಅಮೆರಿಕದ ವೈದ್ಯರು ಅಂಥ ಎರಡು ಯಂತ್ರಗಳನ್ನು ಆಸ್ಪತ್ರೆಯ ಯಂತ್ರದೊಂದಿಗೆ ಹೋಲಿಸಿ ನೋಡಿದಾಗ ಒಂದು ಒಮ್ಮೆ ಸರಿ, ಒಮ್ಮೆ ತಪ್ಪು ಹೇಳಿತು. ಇನ್ನೊಂದು ಆಮ್ಲಜನಕ ಇಳಿದದ್ದನ್ನು ಒಮ್ಮೆಯೂ ಗುರುತಿಸಲಿಲ್ಲ. 2021ರಲ್ಲಿ ಔಲೆಟ್ ಕಂಪನಿಯ ಕಾಲುಚೀಲವನ್ನು ವೈದ್ಯಕೀಯ ಸಾಧನವಾಗಿ ಅನುಮತಿ ಪಡೆಯದೆ ಮಾರುತ್ತಿರುವುದಕ್ಕೆ ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಎಚ್ಚರಿಕೆ ಪತ್ರ ಕೊಟ್ಟಿತು. ಕಂಪನಿ ಪರೀಕ್ಷೆಗಳನ್ನು ಮಾಡಿಸಿ 2023ರಲ್ಲಿ ಹೊಸ ಕಾಲುಚೀಲಕ್ಕೆ ಅನುಮತಿ ಪಡೆಯಿತು. ಕ್ರಮ ಹೀಗಿರಬೇಕು: ಮೊದಲು ಪರೀಕ್ಷೆ, ಆಮೇಲೆ ತೊಟ್ಟಿಲು. ನಿದ್ದೆಯಲ್ಲಿ ಸಂಭವಿಸುವ ಶಿಶುಮರಣವನ್ನು ತಪ್ಪಿಸಲು ಇಂಥ ಯಂತ್ರಗಳನ್ನು ನೆಚ್ಚಬೇಡಿ ಎಂದು ಅಲ್ಲಿನ ಮಕ್ಕಳ ವೈದ್ಯರ ಅಕಾಡೆಮಿ ಸಲಹೆ ಕೊಟ್ಟಿದೆ.

ಇನ್ನೊಂದು ಮಾತನ್ನೂ ಗಮನಿಸಬೇಕು. ಬೆಳಕಿನ ಮೂಲಕ ಆಮ್ಲಜನಕ ಅಳೆಯುವ ಯಂತ್ರಗಳು ಕಪ್ಪು ಮೈಬಣ್ಣದವರಲ್ಲಿ ಆಮ್ಲಜನಕದ ಕೊರತೆಯನ್ನು ಹೆಚ್ಚು ಸಲ ಕಾಣದೆ ಹೋಗುತ್ತವೆ ಎಂದು 2020ರ ಅಮೆರಿಕದ ಅಧ್ಯಯನವೊಂದು ತೋರಿಸಿತು. ಯಂತ್ರ ಎಲ್ಲರಿಗೂ ಒಂದೇ ಎಂದು ನಂಬುವ ಮೊದಲು ಅದನ್ನು ನಮ್ಮಂಥ ಮಕ್ಕಳ ಮೇಲೆ ಪರೀಕ್ಷಿಸಿದ್ದಾರೆಯೇ ಎಂದು ಕೇಳುವುದು ನಮ್ಮ ಹಕ್ಕು. ಮಗುವಿನ ಹೊಟ್ಟೆಯ ಲೆಕ್ಕ ಯಾವ ಕಂಪನಿಯ ಕಂಪ್ಯೂಟರಿನಲ್ಲಿ ಸೇರುತ್ತದೆ ಎಂದೂ ಕೇಳಬೇಕು. ಬಹರೈನ್‌ನಲ್ಲಿ 2018ರ ವೈಯಕ್ತಿಕ ಮಾಹಿತಿ ರಕ್ಷಣಾ ಕಾನೂನು, ಭಾರತದಲ್ಲಿ 2023ರ ಕಾನೂನು ಇರುವುದು ಇಂಥ ಪ್ರಶ್ನೆಗಳಿಗಾಗಿಯೇ.

ಯಂತ್ರದ ಪರವಾಗಿರುವವರ ಒಂದು ವಾದವನ್ನು ನಾನು ತಳ್ಳಿಹಾಕಲಾರೆ. "ಊರಿನಲ್ಲಿ ಬಾಣಂತನಕ್ಕೆ ಅಮ್ಮ, ಅತ್ತೆ, ಅಜ್ಜಿ ಇರುತ್ತಾರೆ. ಇಲ್ಲಿ ಯಾರಿದ್ದಾರೆ? ವಿಸಿಟ್ ವೀಸಾದಲ್ಲಿ ಬಂದ ಅಮ್ಮ ಅವಧಿ ಮುಗಿದೊಡನೆ ಹೊರಡಬೇಕು. ಆಮೇಲೆ ಉಳಿಯುವುದು ವಿಡಿಯೋ ಕಾಲ್ ಮಾತ್ರ. ಅಜ್ಜಿಯಿಲ್ಲದ ಮನೆಗೆ ಯಂತ್ರವೇ ಅಜ್ಜಿ" ಎನ್ನುತ್ತಾರೆ. ಈ ಮಾತಿನ ಹಿಂದಿನ ನೋವು ನಿಜ. ಗಲ್ಫ್ ನಾಡಿನಲ್ಲಿ ಒಂಟಿಯಾಗಿ ಬಾಣಂತನ ಕಳೆದ ತಾಯಂದಿರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಜ್ಜಿಯ ಮಾತೆಲ್ಲವೂ ವೇದವಾಕ್ಯ ಎಂದೂ ನಾನು ಹೇಳುವುದಿಲ್ಲ. ಹುಟ್ಟಿದ ಮಗುವಿನ ನಾಲಿಗೆಗೆ ಜೇನು ಸವರುವ ರೂಢಿ ನಮ್ಮಲ್ಲಿದೆ. ಜೇನಿನಲ್ಲಿ ಇರಬಹುದಾದ ಬ್ಯಾಕ್ಟೀರಿಯಾದ ಬೀಜಕಣಗಳಿಂದ ಎಳೆಮಕ್ಕಳಿಗೆ ಬಾಟುಲಿಸಂ ಎಂಬ ಪ್ರಾಣಾಂತಿಕ ರೋಗ ಬರಬಹುದು. ಒಂದು ವರ್ಷ ತುಂಬುವವರೆಗೆ ಜೇನು ಕೂಡದು. ಬಜೆ ತೇಯ್ದು ನೆಕ್ಕಿಸುವುದು, ಓಮದ ನೀರು, ಸಕ್ಕರೆ ನೀರು, ಅಂಗಡಿಯ ಗ್ರೈಪ್ ವಾಟರ್ ಇವು ಯಾವುವೂ ಬೇಕಿಲ್ಲ. ಆರು ತಿಂಗಳವರೆಗೆ ಎದೆಹಾಲು ಮಾತ್ರ ಸಾಕು, ನೀರೂ ಬೇಡ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಬಹರೈನ್‌ನ ಬಿಸಿಲಿನಲ್ಲೂ ಅದೇ ಮಾತು. ಬಾಯಾರಿದ ಮಗುವಿಗೆ ಇನ್ನಷ್ಟು ಎದೆಹಾಲು ಕೊಟ್ಟರಾಯಿತು. ಸಂಜೆಯಾದರೆ ಗಂಟೆಗಟ್ಟಲೆ ಅಳುವ ಮಕ್ಕಳ ಹಟ ಸಾಮಾನ್ಯವಾಗಿ ಆರನೆಯ ವಾರದಲ್ಲಿ ಏರಿ, ಮೂರು ನಾಲ್ಕು ತಿಂಗಳಿಗೆ ತಾನಾಗಿ ಇಳಿಯುತ್ತದೆ. ಆ ದಿನಗಳನ್ನು ದಾಟಲು ಬೇಕಾದದ್ದು ಮಗುವನ್ನು ಎತ್ತಿಕೊಳ್ಳಲು ಇನ್ನೊಂದು ಜೊತೆ ಕೈ. ಅಜ್ಜಿಯಿಂದ ನಾವು ಪಡೆಯುತ್ತಿದ್ದ ನಿಜವಾದ ನೆರವು ಕೂಡ ಅದೇ. ಆ ಕೈಗಳನ್ನು ಯಾವ ಸೆನ್ಸರ್ ಕೊಡಬಲ್ಲದು?

ಹಾಗಾದರೆ ಮನೆಯಲ್ಲಿ ಮಾಡಬಹುದಾದದ್ದು ಏನು? ತೈವಾನ್ ಮತ್ತು ಜಪಾನ್ ದೇಶಗಳು ಇದಕ್ಕೆ ಒಂದು ದಾರಿ ತೋರಿಸಿವೆ. ಬಿಲಿಯರಿ ಅಟ್ರೀಸಿಯಾ ಎಂಬುದು ಪಿತ್ತರಸ ಹರಿಯುವ ನಾಳ ಮುಚ್ಚಿಹೋಗುವ ಕಾಯಿಲೆ. ಪಿತ್ತರಸ ಕರುಳಿಗೆ ಇಳಿಯದೆ ಮಲ ಬೂದಿಯಂತೆ, ಸುಣ್ಣದಂತೆ ಬಿಳಿಚಿಕೊಳ್ಳುತ್ತದೆ. ಮಗು ನೋಡಲು ದುಂಡಗೆ ಇರುತ್ತದೆ, ಹಾಲು ಕುಡಿಯುತ್ತದೆ. ಕಣ್ಣು ಸ್ವಲ್ಪ ಹಳದಿ, ಅಷ್ಟೆ. "ಕಾಮಾಲೆ ತಾನೇ, ಎಳೆಬಿಸಿಲಿಗೆ ಹಿಡಿದರೆ ಹೋಗುತ್ತದೆ" ಎಂದು ದಿನ ದೂಡುತ್ತೇವೆ. ಅಷ್ಟರಲ್ಲಿ ಲಿವರ್ ಕೆಡುತ್ತದೆ. 1950ರ ದಶಕದಲ್ಲಿ ಜಪಾನಿನ ಮೊರಿಯೊ ಕಸಾಯಿ ಇದಕ್ಕೊಂದು ಶಸ್ತ್ರಚಿಕಿತ್ಸೆ ಕಂಡುಹಿಡಿದರು. ಅದನ್ನು ಮಗುವಿಗೆ ಎರಡು ತಿಂಗಳು ತುಂಬುವುದರೊಳಗೆ ಮಾಡಿದರೆ ಫಲ ಹೆಚ್ಚು. ತಡವಾದರೆ ಲಿವರ್ ಕಸಿಯೇ ಗತಿಯಾಗಬಹುದು. ಇದನ್ನು ಬೇಗ ಹಿಡಿಯಲು ತೈವಾನ್ 2004ರಿಂದ ದೇಶದಾದ್ಯಂತ ಎಲ್ಲ ತಾಯಂದಿರಿಗೂ ಮಲದ ಬಣ್ಣಗಳ ಚಿತ್ರವಿರುವ ಕಾರ್ಡ್ ಕೊಟ್ಟಿತು. ಜಪಾನ್ 2012ರಲ್ಲಿ ಅಂಥ ಕಾರ್ಡನ್ನು ತಾಯಿ-ಮಗುವಿನ ಆರೋಗ್ಯ ಪುಸ್ತಕದಲ್ಲೇ ಸೇರಿಸಿತು. ಡೈಪರ್ ಬದಲಿಸುವಾಗ ಬಣ್ಣ ಹೋಲಿಸಿ ನೋಡುವುದು, ಬಿಳಿಚಿದ್ದರೆ ವೈದ್ಯರ ಬಳಿಗೆ ಹೋಗುವುದು, ಅಷ್ಟೆ. ತೈವಾನ್‌ನಲ್ಲಿ ಇದರಿಂದ ರೋಗ ಬೇಗ ಪತ್ತೆಯಾಗಿ, ಸಕಾಲದಲ್ಲಿ ಶಸ್ತ್ರಚಿಕಿತ್ಸೆ ಆಗುವ ಮಕ್ಕಳ ಸಂಖ್ಯೆ ಹೆಚ್ಚಿತು.

ಬ್ಯಾಟರಿ ಇಲ್ಲ, ಚಾರ್ಜರ್ ಇಲ್ಲ, ಪಾಸ್‌ವರ್ಡ್ ಇಲ್ಲ. ಒಂದು ಬಣ್ಣದ ಕಾಗದ ಮತ್ತು ತಾಯಿಯ ಕಣ್ಣು. ಒಂದೇ ಪ್ರಶ್ನೆ, ಒಂದೇ ಕೆಲಸ. ಸಾವಿರಾರು ರೂಪಾಯಿಯ ಯಂತ್ರಕ್ಕಿಂತ ಮೊದಲು ಇಂಥ ಕಾರ್ಡ್ ಪ್ರತಿ ಬಾಣಂತಿಯ ಕೈಗೂ ಸಿಗಬೇಕು ಎಂಬುದು ನನ್ನ ಆಗ್ರಹ. ಅದು ಕನ್ನಡದಲ್ಲೂ, ಮಲಯಾಳ, ತಮಿಳು, ಹಿಂದಿ, ಉರ್ದು, ಅರಬ್ಬಿಯಲ್ಲೂ ಇರಲಿ. ನಮ್ಮ ಸಮುದಾಯದ ಸಂಘಗಳು ಹಬ್ಬದ ಸ್ಮರಣ ಸಂಚಿಕೆಗಳ ಒಂದು ಪುಟವನ್ನು ಇದಕ್ಕೆ ಮೀಸಲಿಟ್ಟರೆ ಅದೇ ದೊಡ್ಡ ಸೇವೆ.

ಪಾಲಕರು ಈ ಕೆಲವು ಅಪಾಯದ ಸೂಚನೆಗಳನ್ನು ನೆನಪಿಡಬೇಕು: ಹಸಿರು ಬಣ್ಣದ ವಾಂತಿ, ಮಲದಲ್ಲಿ ರಕ್ತ, ಹೊಟ್ಟೆ ಬಿಗಿದು ಉಬ್ಬುವುದು, 48 ಗಂಟೆಯಾದರೂ ಮೊದಲ ಮಲ ಆಗದಿರುವುದು, ಬಿಳಿಚಿದ ಮಲ, ಎರಡು ವಾರ ಕಳೆದರೂ ಇಳಿಯದ ಕಾಮಾಲೆ, ಹಾಲು ಬಿಟ್ಟು ಮಂಕಾಗುವುದು. ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ವೈದ್ಯರನ್ನು ಕಾಣಬೇಕು. ಹಸಿರು ವಾಂತಿಯಾದರೆ, ಹೊಟ್ಟೆ ಬಿಗಿದು ಉಬ್ಬಿದರೆ ಬೆಳಗಾಗಲಿ ಎಂದು ಕಾಯಲೇಬಾರದು. ಜಿಂಜ್‌ನವರಿಗೆ ಸಲ್ಮಾನಿಯಾ ಆಸ್ಪತ್ರೆ ದೂರವೇನಲ್ಲ. ತುರ್ತಿಗೆ 999 ಸಂಖ್ಯೆ ಇದೆ. ದಿನ ತುಂಬದೆ ಹುಟ್ಟಿದ ಮಗುವಿದ್ದರೆ ವೈದ್ಯರು ಹೇಳಿದ ಯಂತ್ರವನ್ನು ಹೇಳಿದಷ್ಟು ದಿನ ಬಳಸಲೇಬೇಕು. ಅಲ್ಲಿ ನನ್ನ ವಾದ ಅನ್ವಯಿಸುವುದಿಲ್ಲ.

ಪ್ರೀತಿಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕೆಲವರು ಮುಂದೆ ಎಂಜಿನಿಯರುಗಳಾಗಿ ಇಂಥ ಯಂತ್ರಗಳನ್ನು ತಯಾರಿಸುವಿರಿ, ಕೆಲವರು ವೈದ್ಯರೋ ದಾದಿಯರೋ ಆಗಿ ಬಳಸುವಿರಿ. ಯಾವ ಹೊಸ ಯಂತ್ರ ಕಂಡರೂ ಮೂರು ಪ್ರಶ್ನೆ ಕೇಳುವುದನ್ನು ಈಗಲೇ ರೂಢಿಸಿಕೊಳ್ಳಿ. ಇದು ಅಳೆಯುವುದು ಏನನ್ನು? ಅದು ಎಚ್ಚರಿಸಿದಾಗ ನಾನು ಮಾಡಬೇಕಾದದ್ದೇನು? ನಮ್ಮಂಥವರ ಮೇಲೆ ಇದನ್ನು ಪರೀಕ್ಷಿಸಿದ್ದಾರೆಯೇ? ಮೂರಕ್ಕೂ ಉತ್ತರ ಸಿಕ್ಕಿದರೆ ಕೊಳ್ಳಿ, ಸಿಗದಿದ್ದರೆ ಕಾಯಿರಿ. ಅಲ್ಲಿಯವರೆಗೆ, ನಿಮ್ಮ ಕಟ್ಟಡದಲ್ಲಿ ಯಾರಾದರೂ ಹೊಸ ಬಾಣಂತಿ ಇದ್ದರೆ ಅಮ್ಮನ ಜೊತೆ ಹೋಗಿ ವಿಚಾರಿಸಿ ಬನ್ನಿ. ಅರ್ಧ ಗಂಟೆ ನಿಮ್ಮ ಅಮ್ಮ ಮಗುವನ್ನು ಎತ್ತಿಕೊಂಡರೆ ಆ ತಾಯಿ ಸ್ನಾನ ಮುಗಿಸಿ, ಒಂದು ತುತ್ತು ಬಿಸಿ ಅನ್ನ ಉಂಡಾಳು.